ಮೈಕಣ್ಣ ಹಿಂದಿರುಗಿಸದ ಬ್ಯಾಟರಿ

ನಲವತ್ತು ವರ್ಷ ಮೈಕಿನ ಪಕ್ಕದಲ್ಲೇ ಕೂತು ಹೊಟ್ಟೆ ಹೊರೆದರೂ ಮೈಕಣ್ಣ ಅದರಲ್ಲಿ ಆಡಿದ ಮಾತು ಮೂರೇ ಮೂರು: ಹಲೋ, ಒಂದು, ಎರಡು. ಮೂರು ಅನ್ನುವಷ್ಟರಲ್ಲಿ ಯಾರಾದರೂ ದೊಡ್ಡ ಮನುಷ್ಯರು ಬಂದು ಮೈಕು ಕಸಿದುಕೊಳ್ಳುತ್ತಿದ್ದರು. ಅವನೂ ಸಂತೋಷವಾಗಿ ಬಿಟ್ಟುಕೊಟ್ಟು, ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಒಂದಿತ್ತು. ಯಾರಾದರೂ ಅದನ್ನು ಹಿಡಿದು ಕರೆದರೆ ಅವನೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಊರಿನಲ್ಲಿ ಯಾವ ದೇವರಿಗೆ ಯಾರು ಕೈಮುಗಿದರೂ, ಯಾವ ಪಕ್ಷಕ್ಕೆ ಯಾರು ಜೈ ಅಂದರೂ ಸದ್ದು ಮಾತ್ರ ಅವನದೇ. ಬೆಳಿಗ್ಗೆ ಒಂದು ಧರ್ಮದವರ ಪ್ರವಚನಕ್ಕೆ ಕಟ್ಟಿದ ಹಾರ್ನುಗಳನ್ನು ಬಿಚ್ಚಿ ಮಧ್ಯಾಹ್ನ ಇನ್ನೊಂದು ಧರ್ಮದವರ ಸಭೆಗೆ ಕಟ್ಟುವುದು, ಸಂಜೆ ಅವನ್ನೇ ಚುನಾವಣೆಯ ಗಾಡಿಯ ನೆತ್ತಿಗೆ ಏರಿಸುವುದು. ಹಾರ್ನುಗಳಿಗೆ ಮಡಿ ಮೈಲಿಗೆ ಏನೂ ಇರಲಿಲ್ಲ. ಎಲ್ಲರ ಮಾತೂ ತನ್ನ ಪೆಟ್ಟಿಗೆಯನ್ನೇ ಹಾದುಹೋಗುತ್ತಿದ್ದುದರಿಂದ ಧರ್ಮದ ಬಗ್ಗೆ, ರಾಜಕೀಯದ ಬಗ್ಗೆ ಮೈಕಣ್ಣನಿಗೆ ತನ್ನದೇ ಆದ ಕೆಲವು ತೀರ್ಮಾನಗಳಿದ್ದವು. ಯಾವ ಧರ್ಮದ ಗುರುವೇ ಆಗಲಿ, ಮೈಕು ಕೈಗೆ ಬಂದ ಕೂಡಲೇ ದೇವರನ್ನು ನೆನೆಯುವುದಕ್ಕೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ರಾಜಕಾರಣಿಗಳಲ್ಲಿ ಮೈಕನ್ನು ನುಂಗುವವರು, ಮೈಕಿಗೆ ಹೆದರುವವರು ಅಂತ ಎರಡು ಜಾತಿ. ಹೆದರುವವರು ಗೆದ್ದದ್ದನ್ನು ಅವನು ಈವರೆಗೆ ಕಂಡಿಲ್ಲ. ನಿಜವಾಗಿ ಪ್ರಾರ್ಥನೆ ಮಾಡುವವರು ಅವನ ಗಿರಾಕಿಗಳೇ ಆಗಲಿಲ್ಲ, ಅವರಿಗೆ ಮೈಕು ಬೇಕಿರಲಿಲ್ಲ.

ಈ ಕಸುಬಿನಲ್ಲಿ ಎರಡು ಸಂಗತಿ ಮೈಗೆ ಹತ್ತಿಬಿಡುತ್ತವೆ. ಸಭೆಯ ಹಿಂದಿನ ಸಾಲಿನಲ್ಲಿ ಯಾರಾದರೂ ಅಂಗೈ ಮೇಲೆ ಮಾಡಿ ಎರಡು ಸಲ ಎತ್ತಿದರೆ ಸೌಂಡು ಸಾಲದು ಅಂತ ಅರ್ಥ. ಅದನ್ನು ಕಂಡ ಕಣ್ಣು ತಲೆಗೆ ಸುದ್ದಿ ಮುಟ್ಟಿಸುವ ಮೊದಲೇ ಕೈ ಗುಂಡಿ ತಿರುಗಿಸಿ ಆಗಿರುತ್ತದೆ. ಇನ್ನೊಂದು, ಪಿನ್ನು. ಭಾಷಣಕಾರರು ನಿಲ್ಲಿಸದೆ ಕೊರೆಯತೊಡಗಿದಾಗ ವ್ಯವಸ್ಥಾಪಕರು ಮೈಕಣ್ಣನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಅವನು ಪೆಟ್ಟಿಗೆಯ ಹಿಂದೆ ಕೈಯಿಟ್ಟು ವೈರಿನ ಪಿನ್ನನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಿದ್ದ. ಮೈಕು ಸತ್ತು ಬೀಳುತ್ತಿತ್ತು. ಅವನು ಗಾಬರಿ ನಟಿಸುತ್ತಾ ಅತ್ತಿಂದಿತ್ತ ಓಡಾಡಿ, ಭಾಷಣಕಾರರು ಬೇಸತ್ತು ಕೂತ ಮೇಲೆ ಪಿನ್ನು ಒತ್ತುತ್ತಿದ್ದ. ಹೀಗೆ ಎಷ್ಟು ಮಂದಿಯ ಬಾಯಿ ಮುಚ್ಚಿಸಿದ್ದನೋ, ಅವನಿಗೇ ನೆನಪಿಲ್ಲ. ಮುಚ್ಚಿಸದೆ ಬಿಟ್ಟದ್ದು ಒಂದೇ ಒಂದು ಚೆನ್ನಾಗಿ ನೆನಪಿತ್ತು.

ಅದನ್ನು ಹೇಳುವುದಕ್ಕೆ ಮೊದಲು ಬ್ಯಾಟರಿ ಭಾವನ ವಿಷಯ ಹೇಳಬೇಕು. ಮೈಕಣ್ಣನ ಗೋದಾಮಿನಿಂದ ನಾಲ್ಕು ಅಂಗಡಿ ಆಚೆ ಅವನ ಬ್ಯಾಟರಿ ಅಂಗಡಿ. ಕರೆಂಟು ಕೈಕೊಟ್ಟಾಗ ಮೈಕಿಗೆ ಬ್ಯಾಟರಿಯೇ ಗತಿ, ಹಾಗಾಗಿ ಇಬ್ಬರ ಕಸುಬೂ ಒಂದಕ್ಕೊಂದು ಅಂಟಿಕೊಂಡಿತ್ತು. ಇವನ ದೇವರು ಬೇರೆ, ಅವನ ದೇವರು ಬೇರೆ. ಆದರೂ ಯಾರ ಅಕ್ಕತಂಗಿಯರನ್ನೂ ಯಾರೂ ಮದುವೆಯಾಗದೆ ಇಬ್ಬರೂ ಒಬ್ಬರಿಗೊಬ್ಬರು ಭಾವ ಆಗಿದ್ದರು. ಹೇಗಾದರು ಅಂತ ಕೇಳಿದರೆ ಬ್ಯಾಟರಿ ಭಾವ, "ಪ್ಲಸ್ಸು ಮೈನಸ್ಸು ಎರಡೂ ಇದ್ರೇನೇ ಅಲ್ವಾ ದೀಪ ಹತ್ತೋದು" ಅನ್ನುತ್ತಿದ್ದ. ಇಬ್ಬರಲ್ಲಿ ಯಾರು ಮೈನಸ್ಸು ಅನ್ನುವ ಜಗಳ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ.

ಹತ್ತೊಂಬತ್ತು ವರ್ಷದ ಕೆಳಗೆ ಒಂದು ಸಂಜೆ ಬ್ಯಾಟರಿ ಭಾವನ ಅಂಗಡಿಗೆ ಬೆಂಕಿ ಬಿತ್ತು. ಬಿತ್ತು ಅನ್ನುವುದು ಮರ್ಯಾದೆಯ ಮಾತು, ಹಾಕಿದರು. ಪ್ರಾಣಕ್ಕೆ ಏನೂ ಆಗಲಿಲ್ಲ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ ಬಡಾವಣೆಗೆ ಹೋಗಿ, ಎರಡನೇ ಮಹಡಿಯ ಮನೆಯ ಮುಂದಿನ ಕೋಣೆಯಲ್ಲೇ ಎಮರ್ಜೆನ್ಸಿ ದೀಪ, ಟಾರ್ಚು ರಿಪೇರಿ ಮಾಡುತ್ತಾ ಉಳಿದ. ಅವತ್ತು ಮಧ್ಯಾಹ್ನವೇ ಮೈಕಣ್ಣ ಅವನ ಅಂಗಡಿಯಿಂದ ಒಂದು ಹೊಸ ಬ್ಯಾಟರಿ ತಂದಿದ್ದ. ನಾಳೆ ಕೊಡುತ್ತೇನೆ ಅಂದಿದ್ದ. ಆ ಬ್ಯಾಟರಿ ಇವತ್ತಿಗೂ ಅವನ ಮಂಚದ ಕೆಳಗಿತ್ತು.

ಮೈಕಣ್ಣನ ಹೆಂಡತಿ ಬದುಕಿರುವವರೆಗೂ ಅದರ ಸುತ್ತ ಗುಡಿಸಿದಳು. ಹೋಗಿ ಹೇಳಿಬಿಡಿ, ಕೊಟ್ಟುಬಿಡಿ, ಒಳಗೊಳಗೇ ಕೊರಗಬೇಡಿ ಅಂತ ಬುದ್ಧಿ ಹೇಳಿ ಹೇಳಿ ಸಾಕಾಗಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಆಗಲೂ ಬ್ಯಾಟರಿ ಭಾವ ಎರಡು ಬಸ್ಸು ಹಿಡಿದು ಬಂದು, ಮೂರು ದಿನ ಇವನ ಪಕ್ಕದಲ್ಲೇ ಕೂತಿದ್ದ. ಮಂಚದ ಮೇಲೆ ಅವನು, ಕೆಳಗೆ ಅವನದೇ ಬ್ಯಾಟರಿ.

ಅದು ಬಿಟ್ಟರೂ ತಿಂಗಳ ಮೊದಲ ದಿನ ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ಇಬ್ಬರೂ ಸೇರುವುದು ತಪ್ಪಲಿಲ್ಲ. ವರ್ಷ ಕಳೆದಂತೆ ಬ್ಯಾಟರಿ ಭಾವನಿಗೆ ಕಿವಿ ಮಂದವಾಯಿತು, ಮೈಕಣ್ಣನಿಗೆ ಮಂಡಿ ಹಿಡಿಯಿತು. ಮಕ್ಕಳ ಸುದ್ದಿ, ಮೊಮ್ಮಕ್ಕಳ ಸುದ್ದಿ, ಯಾರ ಸಕ್ಕರೆ ಎಷ್ಟು ಏರಿದೆ ಅನ್ನುವ ಸುದ್ದಿ ಎಲ್ಲ ಮುಗಿದ ಮೇಲೆ ಬ್ಯಾಟರಿ ಭಾವ ಲೋಟ ಕೆಳಗಿಟ್ಟು, ಇವನ ಮುಖವನ್ನೇ ನೋಡುತ್ತಾ, "ಮತ್ತೇನು ಭಾವ?" ಅನ್ನುತ್ತಿದ್ದ. ಮೈಕಣ್ಣ, "ಏನಿಲ್ಲ ಭಾವ" ಅನ್ನುತ್ತಿದ್ದ. ಆಮೇಲೆ ಇಬ್ಬರೂ ಎದ್ದು ತಮ್ಮ ತಮ್ಮ ಬಸ್ಸು ಹಿಡಿಯುತ್ತಿದ್ದರು.

ಮೈಕಿನ ಕೆಲಸ ಬಿಟ್ಟ ಮೇಲೆ ಅಪ್ಪ ಗೋಡೆ ನೋಡುತ್ತಾ ಕೂರುವುದನ್ನು ಕಂಡು ಮಗಳೇ ಅವನಿಗೆ ಒಂದು ಚಾನೆಲ್ ಮಾಡಿಕೊಟ್ಟಳು. ಅವಳಿಗೆ ಒಂದು ವಿಡಿಯೊ ಸ್ಟುಡಿಯೊದಲ್ಲಿ ಎಡಿಟಿಂಗ್ ಕೆಲಸ. ಮದುವೆ, ಪ್ರವಚನ, ರಾಜಕೀಯ ಚರ್ಚೆ, ಏನು ಬಂದರೂ ಕತ್ತರಿಸಿ ಜೋಡಿಸುವವಳು. ನಲವತ್ತು ವರ್ಷ ಎಲ್ಲರ ಮಾತು ಕೇಳಿದ್ದೀಯ, ಈಗ ನೀನು ಮಾತಾಡು ಅಪ್ಪ ಅಂದಳು. ಹೀಗೆ ಅರವತ್ತಾರನೇ ವಯಸ್ಸಿನಲ್ಲಿ ಮೈಕಣ್ಣ ಮೂರು ಅನ್ನುವುದನ್ನೂ ಹೇಳಿ, ಅದರಿಂದ ಮುಂದಕ್ಕೂ ಹೋದ. ವಾರಕ್ಕೊಂದು ದಿನ ಊಟ ಮುಗಿಸಿ, ಕಿಟಕಿಯ ಪಕ್ಕ ಕೂತು, ಸ್ಟೂಲಿನ ಮೇಲೆ ಫೋನು ನಿಲ್ಲಿಸಿಕೊಂಡು, ತಾನು ಕಂಡ ಗುರುಗಳು, ನಾಯಕರು, ಅವರ ಕೆಮ್ಮು, ಅವರ ಸುಳ್ಳು, ಅವರ ಹಿಂಬಾಲಕರು ಇವನ್ನೆಲ್ಲ ಹೇಳುತ್ತಿದ್ದ. ಈಗ ಫೋನಿನಲ್ಲಿ ಕೂತು ಲೋಕಕ್ಕೆ ಬುದ್ಧಿ ಹೇಳುವವರನ್ನೂ ಬಿಡುತ್ತಿರಲಿಲ್ಲ. ಮೊದಲು ಊರಿಗೊಂದು ಮೈಕಿತ್ತು, ಮಾತಾಡುವವರು ಸರದಿಯಲ್ಲಿ ನಿಲ್ಲಬೇಕಿತ್ತು. ಈಗ ಎಲ್ಲರ ಕೈಯಲ್ಲೂ ಮೈಕಿದೆ, ಪಿನ್ನು ಮಾತ್ರ ಯಾರ ಕೈಯಲ್ಲೂ ಇಲ್ಲ. ಹೀಗೆ ಒಂದು ಸಲ ಅಂದದ್ದು ಇನ್ನೂರು ಜನಕ್ಕೆ ಇಷ್ಟವಾಗಿ, ಅವನು ಎರಡು ದಿನ ಬೀಗುತ್ತಾ ಓಡಾಡಿದ.

ಮೈಕಣ್ಣನ ಮಾತಿನ ಧಾಟಿ ನಿಧಾನ. ಒಂದು ವಾಕ್ಯ ಹೇಳಿ, ಕಿಟಕಿಯಾಚೆ ನೋಡಿ, ಮೂಗು ಉಜ್ಜಿಕೊಂಡು, ಇನ್ನೊಂದು ವಾಕ್ಯಕ್ಕೆ ಕೈ ಹಾಕುವವನು. ಮಗಳು ಅದನ್ನು ಹಾಗೇ ಹಾಕುವಂತಿರಲಿಲ್ಲ. ಮಾತಿನ ನಡುವೆ ಎರಡು ಸೆಕೆಂಡು ಖಾಲಿ ಬಿಟ್ಟರೆ ಜನ ಬೆರಳು ಸರಿಸಿ ಮುಂದೆ ಹೋಗಿಬಿಡುತ್ತಾರೆ ಅನ್ನುವುದು ಅವಳ ಕಸುಬಿನ ಮೊದಲ ಪಾಠ. ಅದಕ್ಕೆ ಒಂದು ಉಪಾಯವೂ ಇತ್ತು. ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಮೌನ ಇರುವ ಜಾಗಗಳನ್ನೆಲ್ಲ ಹುಡುಕಿ ತೆಗೆದುಹಾಕಿ, ಮಾತಿಗೆ ಮಾತು ಅಂಟಿಸಿಕೊಡುತ್ತಿತ್ತು. ಆಡಿದ ಮಾತನ್ನು ದಪ್ಪ ಅಕ್ಷರದಲ್ಲಿ ಕೆಳಗೆ ಬರೆದೂ ಕೊಡುತ್ತಿತ್ತು. ಮುಕ್ಕಾಲು ಗಂಟೆಯ ಅಪ್ಪ ಹನ್ನೊಂದು ನಿಮಿಷಕ್ಕೆ ಇಳಿಯುತ್ತಿದ್ದ. "ನಾನು ಇಷ್ಟು ಚುರುಕಾ?" ಅಂತ ಅವನೇ ನೋಡಿ ನಗುತ್ತಿದ್ದ.

ಕಳೆದ ತಿಂಗಳು ಚಹಾ ಅಂಗಡಿಯಿಂದ ಬಂದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬ್ಯಾಟರಿ ಭಾವ ಈ ಸಲ ಬಹಳ ಇಳಿದುಹೋಗಿದ್ದ, ಬಸ್ಸಿನ ಮೆಟ್ಟಿಲಿಳಿಯುವಾಗ ಸೊಸೆ ಕೈ ಹಿಡಿದುಕೊಂಡಿದ್ದಳು. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ಹೇಳಿಬಿಡಬೇಕು ಅನ್ನಿಸಿತು. ಎದುರಿಗೆ ಕೂತು ಹೇಳುವುದು ಈ ಜನ್ಮದಲ್ಲಿ ತನ್ನಿಂದಾಗದು ಅಂತಲೂ ಅನ್ನಿಸಿತು. ಫೋನಿಗಾದರೆ ಹೇಳಬಹುದು, ಅದು ತಿರುಗಿ ನೋಡುವುದಿಲ್ಲ. ಅವನು ಕಿಟಕಿಯ ಪಕ್ಕ ಕೂತು ಹೇಳಿದ.

ಅವತ್ತಿನ ಸಭೆ ಧರ್ಮದ್ದೂ ಹೌದು, ಪಕ್ಷದ್ದೂ ಹೌದು. ಎರಡನ್ನೂ ಬಿಡಿಸಿ ನೋಡುವ ಕಾಲ ಆಗಲೇ ಹೋಗಿತ್ತು ಅಂದ. ಹೊರಗಿನಿಂದ ಬಂದ ಭಾಷಣಕಾರ. ಆ ವಾರವೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಅದಕ್ಕೇ ಬ್ಯಾಟರಿ ಬೇಕಾಯಿತು. ಯಾರ ಸಭೆ ಅಂತ ಬ್ಯಾಟರಿ ಭಾವ ಕೇಳಿದಾಗ ಯಾವುದೋ ಒಂದು ಭಾಷಣ ಅಂತ ತೇಲಿಸಿದ್ದೆ ಅಂದ. ಭಾಷಣಕಾರ ಅರ್ಧ ಗಂಟೆಯಲ್ಲಿ ಮಾತನ್ನು ನಮ್ಮ ಬೀದಿಗೇ ತಂದ, ಯಾರ ಅಂಗಡಿ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದ. ನನ್ನ ಬೆರಳು ಪಿನ್ನಿನ ಮೇಲೇ ಇತ್ತು ಅಂದ. ಹಿಂದಿನವರು ಅಂಗೈ ಎತ್ತಿದರು.

ಅಲ್ಲಿ ಮೈಕಣ್ಣ ಒಂದು ನಿಮಿಷ ಸುಮ್ಮನಾದ. ಆಮೇಲೆ, "ಸೌಂಡು ಜಾಸ್ತಿ ಮಾಡಿದ್ದು ನಾನೇ" ಅಂದ. ಮತ್ತೆ ಸುಮ್ಮನಾಗಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡ. "ಜನ ಕೂಗಿದಾಗ ನನಗೂ ಮೈ ಜುಮ್ ಅಂತು." ಇದನ್ನು ಹೇಳಿದ ಮೇಲೆ ಎರಡು ನಿಮಿಷ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ, ಭುಜ ಅಲುಗುತ್ತಿತ್ತು, ಸದ್ದಿರಲಿಲ್ಲ. "ಬ್ಯಾಟರಿ ಅವನದ್ದೇ." ಮತ್ತೊಂದು ನಿಮಿಷ. "ಅವನ ಬ್ಯಾಟರಿಯಿಂದಲೇ ಅವನ ಅಂಗಡಿ ಸುಟ್ಟೋಯ್ತು." ಆಮೇಲೆ ಮೈಕಣ್ಣ ಗೋಡೆಯ ಕಡೆ ತಿರುಗಿ ಅತ್ತ. ಜೋರಾಗಿ ಅಳುವ ಅಭ್ಯಾಸ ಅವನಿಗಿಲ್ಲ, ಸಭೆಯಲ್ಲಿ ಪೆಟ್ಟಿಗೆಯ ಹಿಂದೆ ಸದ್ದು ಮಾಡದೆ ಕೂತು ಕೂತು ಆದ ಅಭ್ಯಾಸ ಅದು. ಕ್ಷಮಿಸು ಭಾವ ಅಂದದ್ದೂ ತುಟಿಯಲ್ಲೇ ಉಳಿಯಿತು, ಫೋನಿಗೆ ಮುಟ್ಟಲಿಲ್ಲ.

ಇದನ್ನು ಮಗಳ ಕೈಗೆ ಕೊಡುವಾಗ, ನೀನು ಇದನ್ನು ನೋಡಬೇಡ ಮಗಳೇ, ಸುಮ್ಮನೆ ಹಾಕಿಬಿಡು ಅಂದ. ಹೆತ್ತ ಮಗಳು ತನ್ನನ್ನು ಆ ಸ್ಥಿತಿಯಲ್ಲಿ ನೋಡುವುದು ಅವನಿಗೆ ಬೇಡವಾಗಿತ್ತು. ಅವಳು ಅಪ್ಪನ ಮಾತಿಗೆ ಬೆಲೆ ಕೊಟ್ಟಳು. ನೋಡಲಿಲ್ಲ. ಎಂದಿನಂತೆ ಗುಂಡಿ ಒತ್ತಿದಳು. ಕಂಪ್ಯೂಟರು ಎಂದಿನಂತೆ ಸದ್ದಿಲ್ಲದ್ದನ್ನೆಲ್ಲ ಹುಡುಕಿತು: ಬಾಯಿಯ ಮೇಲಿಟ್ಟ ಕೈ, ಒರೆಸಿದ ಕನ್ನಡಕ, ಅಲುಗಿದ ಭುಜ, ಗೋಡೆಯ ಕಡೆ ತಿರುಗಿದ ಬೆನ್ನು. ಎಲ್ಲವನ್ನೂ ಅಚ್ಚುಕಟ್ಟಾಗಿ ತೆಗೆದುಹಾಕಿ, ಉಳಿದದ್ದನ್ನು ಜೋಡಿಸಿ, ಕೆಳಗೆ ದಪ್ಪ ಅಕ್ಷರ ಬರೆಯಿತು.

ಸೌಂಡು ಜಾಸ್ತಿ ಮಾಡಿದ್ದು ನಾನೇ. ಜನ ಕೂಗಿದಾಗ ನನಗೂ ಮೈ ಜುಮ್ ಅಂತು. ಬ್ಯಾಟರಿ ಅವನದ್ದೇ. ಅವನ ಬ್ಯಾಟರಿಯಿಂದಲೇ ಅವನ ಅಂಗಡಿ ಸುಟ್ಟೋಯ್ತು. ಒಂದೇ ಉಸಿರಿಗೆ. ಜಗಲಿಯಲ್ಲಿ ಕೂತು ಹಳೆಯ ಪರಾಕ್ರಮ ಹೇಳಿಕೊಳ್ಳುವ ಮುದುಕನೊಬ್ಬ ಅಲ್ಲಿದ್ದ.

ಮೂರನೇ ದಿನ, ಕೆಂಪು ಕುರ್ಚಿಯ ಮೇಲೆ ಕೂತು ದಿನಾ ಲೋಕದ ವಿಚಾರಕ್ಕೆಲ್ಲ ತೀರ್ಪು ಕೊಡುವವನೊಬ್ಬ ಆ ತುಣುಕನ್ನು ಎತ್ತಿಕೊಂಡ. ನೋಡಿ, ನಮ್ಮ ಹಿರಿಯರ ಎದೆಗಾರಿಕೆ ಅಂದ. ಅವನನ್ನು ಬೈಯುವುದಕ್ಕೇ ಇರುವ ಇನ್ನೊಬ್ಬ ಅದನ್ನೇ ಎತ್ತಿಕೊಂಡು, ನೋಡಿ, ಈ ಜನರ ಪಶ್ಚಾತ್ತಾಪವಿಲ್ಲದ ಮುಖ ಅಂದ. ಇಬ್ಬರಿಗೂ ಗಿರಾಕಿಗಳಿಗೇನು ಬರ. ಮಾರನೆಯ ದಿನ ಯಾರೋ ಬ್ಯಾಟರಿಯ ಮಾತಿಗೆ ಕುಣಿತದ ಸಂಗೀತ ಸೇರಿಸಿದರು. ಮೈಕಣ್ಣ ಹಾಲು ತರಲು ಹೋದಾಗ ಗುರುತೇ ಇಲ್ಲದ ಒಬ್ಬ ಕೈ ಕುಲುಕಿ, ಭಲೇ ಅಂಕಲ್ ಅಂದ. ಅದೇ ಬೀದಿಯ ಔಷಧಿ ಅಂಗಡಿಯವರು, ಇಪ್ಪತ್ತು ವರ್ಷದಿಂದ ನಗುತ್ತಾ ಮಾತ್ರೆ ಕೊಡುತ್ತಿದ್ದವರು, ಅವನನ್ನು ನೋಡಿ ಒಳಗೆ ಹೋದರು. ಒಳಗೆ ಹೋದವರಿಗಿಂತ ಭಲೇ ಅಂದವನು ಅವನ ಎದೆಗೆ ಒದ್ದ ಹಾಗಾಯಿತು.

ಮಗಳು ಅವತ್ತೇ ಮೊದಲ ಸಲ ಕತ್ತರಿಸದ ವಿಡಿಯೊ ಕೂತು ನೋಡಿದಳು. ನೋಡಿ ಮುಗಿಸಿ ಅಪ್ಪನ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು, ನಿನ್ನ ಅಳುವನ್ನೇ ತೆಗೆದುಬಿಟ್ಟೆನಲ್ಲಪ್ಪ ಅಂತ. ನೋಡಬೇಡ ಅಂದವನು ನಾನೇ ಅಲ್ಲವೇ ಅಂತ ಅವನು ಅವಳ ತಲೆ ಸವರಿದ. ಅವಳು ಹಳೆಯದನ್ನು ಅಳಿಸಿ, ಪೂರ್ತಿ ನಲವತ್ತೆರಡು ನಿಮಿಷದ್ದನ್ನು ಹಾಕಿದಳು. ಆದರೆ ತುಣುಕು ಆಗಲೇ ಕೈತಪ್ಪಿ ಹೋಗಿತ್ತು, ಲಕ್ಷಗಟ್ಟಲೆ ಫೋನುಗಳಲ್ಲಿತ್ತು. ಪೂರ್ತಿಯದ್ದನ್ನು ನೋಡಿದವರು ಹದಿನೇಳು ಜನ. ಅವರಲ್ಲೂ ಒಬ್ಬ, ಬೋರು, ಬೇಗ ವಿಷಯಕ್ಕೆ ಬನ್ನಿ ಅಂತ ಬರೆದಿದ್ದ.

ಬ್ಯಾಟರಿ ಭಾವನ ಫೋನಿಗೆ ಹಚ್ಚಿದರೆ ಯಾರೂ ಎತ್ತಲಿಲ್ಲ. ತಿಂಗಳ ಮೊದಲ ದಿನ ಮೈಕಣ್ಣ ಚಹಾ ಅಂಗಡಿಗೆ ಹೋಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ಗಂಟೆ ಕಾದ. ಬ್ಯಾಟರಿ ಭಾವ ಬರಲಿಲ್ಲ. ಮನೆಗೆ ಬಂದು, ಮಂಚದ ಕೆಳಗೆ ಬಗ್ಗಿ, ಬ್ಯಾಟರಿಯನ್ನು ಈಚೆಗೆ ಎಳೆದ.

ಮಗಳು ತಾನೂ ಬರುತ್ತೇನೆ, ಆಟೋದಲ್ಲಿ ಹೋಗೋಣ ಅಂದಳು. ಬೇಡ ಅಂದ. ದಪ್ಪ ಬಟ್ಟೆಯ ಚೀಲದಲ್ಲಿ ಬ್ಯಾಟರಿಯನ್ನು ಇಟ್ಟುಕೊಂಡು ಎರಡು ಬಸ್ಸು ಬದಲಿಸಿದ. ಸೀಸದ ಬ್ಯಾಟರಿ, ಹೆಣಭಾರ. ಎರಡು ಮಹಡಿಯ ಮೆಟ್ಟಿಲನ್ನು ಒಂದೊಂದೇ ಏರುತ್ತಾ, ಮೆಟ್ಟಿಲಿಗೊಮ್ಮೆ ಚೀಲ ಕೆಳಗಿಟ್ಟು ಮಂಡಿ ಒತ್ತಿಕೊಳ್ಳುತ್ತಾ ಹೋದ. ಹೋಗುವಾಗ ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಪೂರ್ತಿ ವಿಡಿಯೊ ತೋರಿಸಿದರೆ ಸಾಕು, ಭಾವ ನೋಡಿದರೆ ಸಾಕು, ತನ್ನ ಮುಖ ಕಂಡರೆ ಸಾಕು. ಕಿವಿ ಕೇಳದಿದ್ದರೂ ಕಣ್ಣು ಕಾಣುತ್ತದಲ್ಲ.

ಬಾಗಿಲು ತೆಗೆದ ಸೊಸೆ ಯಾವಾಗಲೂ ಬನ್ನಿ ಮಾವ ಅನ್ನುವವಳು. ಇವತ್ತು ಏನೂ ಅನ್ನದೆ ಪಕ್ಕಕ್ಕೆ ಸರಿದು ಒಳಗೆ ಹೋದಳು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿದ ಮೇಜು, ಅದರ ಮೇಲೆ ಬಿಚ್ಚಿಟ್ಟ ಟಾರ್ಚುಗಳು, ಡಬ್ಬಿಗಳಲ್ಲಿ ಸ್ಕ್ರೂಗಳು, ಬೆಸುಗೆಯ ಕಡ್ಡಿ. ಬ್ಯಾಟರಿ ಭಾವ ಕುರ್ಚಿಯಲ್ಲಿ ಕೂತಿದ್ದ. ಎದ್ದೇಳಲಿಲ್ಲ. ಮೈಕಣ್ಣ ಚೀಲವನ್ನು ನೆಲಕ್ಕಿಳಿಸಿ, ಏದುಸಿರು ಬಿಡುತ್ತಲೇ ಫೋನು ತೆಗೆದು ಮುಂದೆ ಹಿಡಿದ.

"ಫೋನು ಒಳಗಿಡಿ" ಅಂದ ಬ್ಯಾಟರಿ ಭಾವ. "ಬಾಯಲ್ಲಿ ಹೇಳಿ."

ನಲವತ್ತು ವರ್ಷ ಬಾರೋ, ಕೂತ್ಕೋ, ನಿನ್ನ ಮುಖ ಮುಚ್ಚ ಅಂದ ಬಾಯಿ ಅದು. ಇವತ್ತು ಮರ್ಯಾದೆ ಕೊಟ್ಟು ಮಾತಾಡುತ್ತಿತ್ತು. ಮೈಕಣ್ಣ ಫೋನನ್ನು ಜೇಬಿಗೆ ಹಾಕಿ, ನಿಂತೇ, ಮೆಲ್ಲಗೆ ಹೇಳತೊಡಗಿದ. ಎರಡು ಮಾತು ಆಡುವಷ್ಟರಲ್ಲಿ ಬ್ಯಾಟರಿ ಭಾವ ಅಂಗೈ ಮೇಲೆ ಮಾಡಿ ಎರಡು ಸಲ ಎತ್ತಿದ.

ಕಿವಿ ಕೇಳದವನು ಬೇರೆ ಹೇಗೆ ಹೇಳಿಯಾನು. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲವೋ ಏನೋ. ಆದರೆ ಆ ಕೈ ಕಂಡದ್ದೇ ಮೈಕಣ್ಣನ ಬೆರಳು ತಾನಾಗಿ ಗುಂಡಿ ಹುಡುಕಿತು. ತಿರುಗಿಸುವುದಕ್ಕೆ ಗುಂಡಿ ಇರಲಿಲ್ಲ, ಸಡಿಲ ಮಾಡುವುದಕ್ಕೆ ಪಿನ್ನೂ ಇರಲಿಲ್ಲ. ಅವನು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿ ಹೇಳಿದ. ಯಾರ ಸಭೆ ಅಂತ ಮುಚ್ಚಿಟ್ಟದ್ದು ಹೇಳಿದ, ಪಿನ್ನು ಕೀಳದೆ ಇದ್ದದ್ದು ಹೇಳಿದ, ಸೌಂಡು ಏರಿಸಿದ್ದು ಹೇಳಿದ, ಮೈ ಜುಮ್ಮೆಂದದ್ದನ್ನೂ ಬಿಡದೆ ಹೇಳಿದ. ಎದುರು ಮನೆಯ ಬಾಗಿಲು ತೆರೆಯಿತು. ಕೆಳಗಿನ ಮೆಟ್ಟಿಲಲ್ಲಿ ಯಾರೋ ನಿಂತು ಮೇಲೆ ನೋಡಿದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಎಲ್ಲರಿಗೂ ಕೇಳುವಂತೆ ಕೂಗಿ, ಕೊನೆಗೆ ತುಟಿಯಲ್ಲೇ ಉಳಿದಿದ್ದ ಕ್ಷಮಿಸು ಭಾವ ಅನ್ನುವುದನ್ನೂ ಕೂಗಿಬಿಟ್ಟ.

"ಕೇಳಿಸ್ತು" ಅಂದ ಬ್ಯಾಟರಿ ಭಾವ. ತುಸು ಹೊತ್ತು ಮೇಜಿನ ಮೇಲಿನ ಟಾರ್ಚಿನ ಗಾಜನ್ನು ಬೆರಳಲ್ಲಿ ಉಜ್ಜುತ್ತಾ ಕೂತ. ಆಮೇಲೆ, "ಅವತ್ತೂ ಕೇಳಿಸಿತ್ತು. ಆಗ ನಾನು ಕಿವುಡ ಆಗಿರಲಿಲ್ಲ. ನಿಮ್ಮ ಹಾರ್ನಿನ ಸದ್ದು ನಂಗೆ ಗುರುತು ಸಿಗಲ್ವಾ? ಅಂಗಡಿಯಲ್ಲೇ ಕೂತು ಪೂರ್ತಿ ಭಾಷಣ ಕೇಳಿದೆ. ಈಗ ಪಿನ್ನು ಕೀಳ್ತಾರೆ, ಈಗ ಕೀಳ್ತಾರೆ ಅಂತ ಕಾದೆ. ಜಾಸ್ತಿ ಮಾಡಿದ್ದು ಕೇಳಿಸ್ತು. ಆಮೇಲೇ ನಾನು ಬಾಗಿಲು ಹಾಕಿಕೊಂಡು ಹಿಂದಿನಿಂದ ಓಡಿದ್ದು."

ಹತ್ತೊಂಬತ್ತು ವರ್ಷ ಮೈಕಣ್ಣ ಬಚ್ಚಿಟ್ಟದ್ದನ್ನು ಈ ಮನುಷ್ಯ ಮೊದಲ ದಿನದಿಂದಲೂ ಬಲ್ಲವನಾಗಿದ್ದ. ಬಲ್ಲವನಾಗಿಯೇ ಚಹಾ ಕುಡಿದಿದ್ದ, ಬಲ್ಲವನಾಗಿಯೇ ಮೂರು ದಿನ ಆ ಮಂಚದ ಮೇಲೆ ಕೂತಿದ್ದ.

"ಬ್ಯಾಟರಿ ನಂದು ಅಂತ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ" ಅಂದ ಬ್ಯಾಟರಿ ಭಾವ. "ಮಗನಿಗೆ ಗೊತ್ತಾದ್ರೆ ನಿಮ್ಮನ್ನ ಮನೆಯೊಳಗೆ ಬಿಡಲ್ಲ ಅಂತ. ನೀವೇ ಒಂದು ದಿನ ಬಂದು ನನ್ನ ಹತ್ರ ಹೇಳ್ತೀರ ಅಂತಿದ್ದೆ. ಪ್ರತಿ ತಿಂಗಳೂ ಕೇಳಿದೆ, ಮತ್ತೇನು ಅಂತ. ಕೊನೆಗೆ ಊರಿಗೆಲ್ಲ ಹೇಳಿದ್ರಿ, ನನ್ನೊಬ್ಬನನ್ನ ಬಿಟ್ಟು. ಮೊಮ್ಮಗಳಿಗೆ ಶಾಲೆಯಲ್ಲಿ ತೋರಿಸಿದ್ರಂತೆ. ನಿಮ್ಮ ತಾತನ ಬ್ಯಾಟರಿನಾ ಅಂತ ಕೇಳಿ ನಕ್ಕರಂತೆ. ಅವಳು ಬಂದು ನನ್ನ ಕೇಳಿದ್ಲು."

"ಹೆದರಿಕೆ ಆಯ್ತು ಭಾವ, ಅದಕ್ಕೇ ಹೇಳಲಿಲ್ಲ" ಅಂದ ಮೈಕಣ್ಣ. ಈ ಸಲ ಕೂಗಲಿಲ್ಲ. ಬ್ಯಾಟರಿ ಭಾವನಿಗೆ ಅದು ತುಟಿಯ ಮೇಲೇ ಕಂಡಿರಬೇಕು.

"ನಂಗೂ ಆಗಿತ್ತು, ಅವತ್ತು."

ಮೈಕಣ್ಣ ಬಗ್ಗಿ, ಚೀಲದಿಂದ ಬ್ಯಾಟರಿ ತೆಗೆದು, ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಬ್ಯಾಟರಿ ಭಾವ ಅದನ್ನು ಬಹಳ ಹೊತ್ತು ನೋಡಿದ. ಬದಿಯಲ್ಲಿ ಅವನದೇ ಕೈಬರಹದ ಹಳೆಯ ಚೀಟಿ ಇನ್ನೂ ಅಂಟಿಕೊಂಡಿತ್ತು, ತಾರೀಖಿನ ಸಮೇತ. ಕಸುಬಿನ ಕೈ ಸುಮ್ಮನಿರುತ್ತದೆಯೇ? ಅವನು ಬಟ್ಟೆಯ ಚೂರು ತೆಗೆದುಕೊಂಡು, ಮೇಲೆ ಕಟ್ಟಿಕೊಂಡಿದ್ದ ಬಿಳಿ ಹಿಟ್ಟನ್ನು ಒರೆಸಿದ. ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಒಳಗೆ ಇಣುಕಿದ. ಮೀಟರಿನ ಎರಡು ತಂತಿ ಹಚ್ಚಿ ನೋಡಿದ. ಮುಳ್ಳು ಅಲ್ಲಾಡಲಿಲ್ಲ. ಮೈಕಣ್ಣ ಉಸಿರು ಬಿಗಿಹಿಡಿದು ಆ ಮುಳ್ಳನ್ನೇ ನೋಡುತ್ತಿದ್ದ. ಇನ್ನೊಂದು ಸಲ ಹಚ್ಚಿ ನೋಡಿದರೂ ಅಲ್ಲಾಡಲಿಲ್ಲ.

"ಇದು ಇನ್ನು ಚಾರ್ಜು ಹಿಡಿಯಲ್ಲ" ಅಂದ ಬ್ಯಾಟರಿ ಭಾವ, ಗಿರಾಕಿಗೆ ಹೇಳುವ ಧ್ವನಿಯಲ್ಲಿ. "ಬಳಸದೆ ಇಟ್ಟುಬಿಟ್ರೆ ಒಳಗೇ ಸತ್ತು ಹೋಗುತ್ತೆ. ಆರು ತಿಂಗಳು, ಒಂದು ವರ್ಷದೊಳಗೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು."

ವಾಪಸ್ಸು ತೆಗೆದುಕೊಂಡು ಹೋಗಲಾ ಅಂತ ಮೈಕಣ್ಣ ಕೈಸನ್ನೆಯಲ್ಲಿ ಕೇಳಿದ. ಬೇಡ, ಅದು ನನ್ನದಲ್ಲವಾ ಅಂದು ಬ್ಯಾಟರಿ ಭಾವ ಮೀಟರಿನ ತಂತಿ ಸುತ್ತಿಟ್ಟ. ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದು, ಬಾಗಿಲವರೆಗೂ ಬಂದ. ಮೆಟ್ಟಿಲಲ್ಲಿ ಕತ್ತಲಿದೆ, ನೋಡಿಕೊಂಡು ಇಳಿಯಿರಿ ಅಂದ. ಹೊರಗಿನವರಿಗೆ ಹೇಳುವ ಹಾಗೆಯೇ ಹೇಳಿದ. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೈಕಣ್ಣ ಕಾಲು ಹಿಡಿದಾದರೂ ಕೂರುತ್ತಿದ್ದ.

ಖಾಲಿ ಚೀಲ ಮಡಚಿಕೊಂಡು ಅವನು ಮೊದಲ ಮೆಟ್ಟಿಲು ಇಳಿದ, ಎರಡನೆಯದು ಇಳಿದ, ಅಲ್ಲೇ ನಿಂತ. ಯಾವ ಎರಡು ಪದಕ್ಕೆ ಹತ್ತೊಂಬತ್ತು ವರ್ಷ ಹೆದರಿ ಸತ್ತಿದ್ದನೋ ಆ ಎರಡು ಪದ ಬೆನ್ನ ಹಿಂದಿನಿಂದ ಬರಲಿ ಅಂತ ಕಾದ. ಮತ್ತೇನು ಭಾವ ಅಂತ ಒಂದೇ ಒಂದು ಸಲ ಕೇಳಿದರೆ, ತಿರುಗಿ ಹತ್ತಿ ಹೋಗಿ, ಎಷ್ಟು ಬೇಕಾದರೂ ಹೇಳುವುದಕ್ಕೆ ಅವನು ಸಿದ್ಧನಾಗಿದ್ದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ಅವನು ಗೋಡೆ ಹಿಡಿದುಕೊಂಡು ಉಳಿದ ಮೆಟ್ಟಿಲುಗಳನ್ನು ಇಳಿದ.